ಗರಡಿಯ ಗೋಡೆಯ ಮೇಲೆ ಯಾರ ಚಿತ್ರ?

ಸುಗ್ಗಿ ಮುಗಿದು ಬಿಳಿಜೋಳದ ಕಣಿಕೆ ಬಣವೆಗೇರಿ, ದ್ರಾಕ್ಷಿಯ ಕಟಾವು ತೀರಿ, ರೈತನ ಕೈಗೆ ತುಸು ಬಿಡುವು ಸಿಕ್ಕುವ ದಿನಗಳಲ್ಲಿ, ಅಥಣಿಯಿಂದ ವಿಜಯಪುರದತ್ತ ಸಾಗುವ ರಸ್ತೆಯ ತೆಲಸಂಗದಲ್ಲಾಗಲಿ, ಅದರ ನೆರೆಹೊರೆಯ ಊರುಗಳಲ್ಲಾಗಲಿ, ಜಾತ್ರೆಯ ಇಳಿಹೊತ್ತಿನಲ್ಲಿ ಕುಸ್ತಿಯ ಕಣದ ಸುತ್ತ ನೆರೆಯುವ ಜನಸ್ತೋಮವನ್ನು ಕಂಡವರಿಗೆ, ಈ ಸೀಮೆಯಲ್ಲಿ ಕೀರ್ತಿ ಎಂಬುದು ಹೇಗೆ ಹುಟ್ಟುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಎಣ್ಣೆ, ಅರಿಸಿನ, ಮಜ್ಜಿಗೆ ಕೂಡಿಸಿ ಹದಗೊಳಿಸಿದ ಕೆಮ್ಮಣ್ಣು, ಹಲಗೆಯ ಬಡಿತ, ಪಟಗಾ ಸುತ್ತಿದ ಪಂಚರು, ತೊಡೆ ತಟ್ಟಿ ಕೈ ಕೂಡಿಸುವ ಇಬ್ಬರು ಪೈಲವಾನರು. ಒಬ್ಬನ ಬೆನ್ನು ಮಣ್ಣಿಗೆ ತಾಗಿದ ಕ್ಷಣಕ್ಕೆ ಏಳುವ ಕೇಕೆಯೇ ಅಲ್ಲಿಯ ತೀರ್ಪು.

ಜಾತ್ರೆ ಕಳೆದ ಮೇಲೆ ಆ ಕೀರ್ತಿ ಗರಡಿಮನೆಯ ಗೋಡೆಗೆ ಏರುತ್ತದೆ. ಹನುಮಂತದೇವರ ಪಟದ ಕೆಳಗೆ, ಬೆಳ್ಳಿಯ ಗದೆ ಹೆಗಲಿಗೇರಿಸಿ ನಿಂತ ಹಳೆಯ ಉಸ್ತಾದರ ಚಿತ್ರಗಳು ಸಾಲಾಗಿ ತೂಗಿರುತ್ತವೆ; ಮಸುಕಾದ ಗಾಜಿನ ಹಿಂದಿನ ಆ ಮುಖಗಳಿಗೆ ಕೈಮುಗಿದೇ ಹುಡುಗರು ಬಸ್ಕಿ ಹೊಡೆಯಲು ಇಳಿಯುತ್ತಾರೆ. ಗಡಿಯಾಚೆಯ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನದ ನೆರಳಿನಲ್ಲಿ ಬೆಳೆದ ಈ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡಗಳ ಮಣ್ಣಿಗೆ ಇಂಥ ಗೋಡೆಗಳು ಹೊಸವಲ್ಲ.

ಆ ಸಾಲಿನಲ್ಲಿ ತೂಗಿದ ಒಬ್ಬಾತನು ಕುಸ್ತಿಯನ್ನು ಹಣಕ್ಕೆ ಬಿಟ್ಟುಕೊಟ್ಟಿದ್ದನೆಂದೋ, ನಿಷಿದ್ಧ ಔಷಧ ಸೇವಿಸಿ ಬಲ ತಂದುಕೊಂಡಿದ್ದನೆಂದೋ ಮುಂದೊಂದು ದಿನ ತಿಳಿದುಬಂದರೆ, ಚಿತ್ರವನ್ನು ಇಳಿಸಬೇಕೆ, ಇರಗೊಡಬೇಕೆ? ಕಳಂಕಿತರಾದ ಕ್ರೀಡಾಪಟುಗಳಿಗೆ ಕೀರ್ತಿಮಂದಿರದಲ್ಲಿ ಸ್ಥಾನವುಂಟೆ ಎಂದು ಲೋಕದ ಕ್ರೀಡಾಜಗತ್ತು ಹಲವು ದಶಕಗಳಿಂದ ಕೇಳುತ್ತ ಬಂದ ಪ್ರಶ್ನೆಯೇ ಇದು. ಕರ್ನಾಟಕದ ಪಾಲಿಗೆ ಅದು ಕೇವಲ ಪರರ ಪ್ರಶ್ನೆಯಾಗಿ ಉಳಿದಿಲ್ಲ.

ಕೀರ್ತಿಮಂದಿರವೆಂಬ ವ್ಯವಸ್ಥೆ

ಹಾಲ್ ಆಫ್ ಫೇಮ್ ಎಂದು ಪತ್ರಿಕೆಗಳಲ್ಲಿ ಆಗಾಗ ಓದುವ ಸಂಸ್ಥೆ ಅಮೆರಿಕದ ಬೇಸ್‌ಬಾಲ್ ಆಟದಿಂದ ಪ್ರಸಿದ್ಧವಾಯಿತು. ನ್ಯೂಯಾರ್ಕ್ ಪ್ರಾಂತದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ 1939ರಲ್ಲಿ ಬಾಗಿಲು ತೆರೆದ ಆ ಮಂದಿರಕ್ಕೆ ಆಟಗಾರನನ್ನು ಆರಿಸುವವರಲ್ಲಿ ಮುಖ್ಯರಾದವರು ಆಟದ ವರದಿಗಾರರು. ನೂರಕ್ಕೆ ಎಪ್ಪತ್ತೈದು ಮತ ದೊರೆತವನ ಹೆಸರು ಕಂಚಿನ ಫಲಕವಾಗುತ್ತದೆ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯೂ 2009ರಲ್ಲಿ ಇಂಥದೊಂದು ಪಟ್ಟಿಯನ್ನು ಆರಂಭಿಸಿತು. ನಮ್ಮ ಅನಿಲ್ ಕುಂಬ್ಳೆ 2015ರಲ್ಲಿಯೂ ರಾಹುಲ್ ದ್ರಾವಿಡ್ 2018ರಲ್ಲಿಯೂ ಅದನ್ನು ಸೇರಿದರು.

ನಮ್ಮಲ್ಲಿ ಆ ಸ್ಥಾನವನ್ನು ಪ್ರಶಸ್ತಿಗಳು ತುಂಬುತ್ತವೆ. ಕೇಂದ್ರದ ಅರ್ಜುನ, ರಾಜ್ಯದ ಏಕಲವ್ಯ, ಗ್ರಾಮೀಣ ಕ್ರೀಡೆಗಳಿಗೆಂದೇ ಇರುವ ಕ್ರೀಡಾರತ್ನ, ಕ್ರೀಡಾಂಗಣದ ಒಂದು ಮಗ್ಗುಲಿಗೆ ಇಡುವ ಹೆಸರು, ಶಾಲೆಯ ಪಡಸಾಲೆಯ ಮರದ ಫಲಕ, ಗರಡಿಯ ಗೋಡೆ, ಇವೆಲ್ಲವೂ ಒಂದೇ ಕಾರ್ಯವನ್ನು ಮಾಡತಕ್ಕವು. ನಮ್ಮ ಹೊಲಗಳ ಬದುವಿನಲ್ಲಿಯೂ ಗುಡಿಗಳ ಪ್ರಾಂಗಣದಲ್ಲಿಯೂ ನಿಂತ ವೀರಗಲ್ಲುಗಳು ಈ ಕಾರ್ಯವನ್ನು ಎಷ್ಟೋ ಶತಮಾನಗಳ ಹಿಂದೆಯೇ ಮಾಡಿದ್ದವು: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ.

ಇಂಥ ಸ್ಮಾರಕಗಳೆಲ್ಲದರ ಒಡಲಿನಲ್ಲಿ ಎರಡು ಬೇರೆ ಬೇರೆ ಉದ್ದೇಶಗಳು ಹೆಣೆದುಕೊಂಡಿರುತ್ತವೆ. ಇಂಥವನು ಇಂಥದನ್ನು ಮಾಡಿದನೆಂಬ ನೆನಪನ್ನು ಕಾಪಾಡುವುದು ಒಂದು; ಇವನಂತೆ ನೀವೂ ಆಗಿರೆಂದು ಎಳೆಯರಿಗೆ ತೋರುವುದು ಇನ್ನೊಂದು. ಸಾಧಕನ ನಡತೆ ನಿಷ್ಕಳಂಕವಾಗಿರುವವರೆಗೆ ಎರಡೂ ಒಂದಾಗಿಯೇ ಕಾಣುತ್ತವೆ. ಕಳಂಕ ತಾಗಿದೊಡನೆ ಅವು ಬೇರ್ಪಡುತ್ತವೆ. ನಮ್ಮ ವಾದವಿವಾದಗಳಲ್ಲಿ ಬಹುಪಾಲು ಹುಟ್ಟುವುದು, ನೆನಪಿನ ಪರವಾಗಿ ಒಬ್ಬರೂ ಮೇಲ್ಪಂಕ್ತಿಯ ಪರವಾಗಿ ಇನ್ನೊಬ್ಬರೂ ಮಾತನಾಡುತ್ತ, ತಾವು ಒಂದೇ ವಿಷಯವನ್ನು ಕುರಿತು ಜಗಳವಾಡುತ್ತಿದ್ದೇವೆಂದು ಭಾವಿಸಿಕೊಳ್ಳುವುದರಿಂದ.

ಸಿದ್ದಾಪುರದ ಹೆಣ್ಣುಮಗಳು

ಕುಂದಾಪುರ ಸೀಮೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿಯವರ ಹೆಸರು 2010ರ ಹೇಮಂತದಲ್ಲಿ ಕನ್ನಡನಾಡಿನ ಮನೆಮನೆಯ ಮಾತಾಗಿತ್ತು. ಆ ವರ್ಷದ ಅಕ್ಟೋಬರ್ 12ರಂದು ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, ಮಂಜೀತ್ ಕೌರ್, ಸಿನಿ ಜೋಸ್, ಮನದೀಪ್ ಕೌರ್ ಅವರೊಡನೆ ಓಡಿದ ಅಶ್ವಿನಿ, 4×400 ಮೀಟರ್ ರಿಲೇಯನ್ನು 3 ನಿಮಿಷ 27.77 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದ ತಂಡದಲ್ಲಿದ್ದರು. ಮರುತಿಂಗಳು ಚೀನಾದ ಗುವಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇಯ ಚಿನ್ನ ಮತ್ತೆ ಬಂತು. ಅದಕ್ಕೂ ಮಿಗಿಲಾಗಿ, 400 ಮೀಟರ್ ಹರ್ಡಲ್ಸ್ ಸ್ಪರ್ಧೆಯ ಚಿನ್ನವನ್ನು ಅವರು ಒಬ್ಬರೇ ಗೆದ್ದರು.

ಆ ಓಟದ ಕಷ್ಟವನ್ನು ಅರಿಯದೆ ಆ ಪದಕದ ಬೆಲೆ ತಿಳಿಯದು. ಮೈದಾನದ ಒಂದು ಪೂರ್ಣ ಸುತ್ತಿನಲ್ಲಿ ಹತ್ತು ತಡೆಗಳಿರುತ್ತವೆ. ಹೆಂಗಸರ ಸ್ಪರ್ಧೆಯಲ್ಲಿ ಒಂದೊಂದರ ಎತ್ತರ 76.2 ಸೆಂಟಿಮೀಟರು. ಮೊದಲ ತಡೆಗೆ 45 ಮೀಟರು, ಅಲ್ಲಿಂದ ಮುಂದೆ ಪ್ರತಿಯೊಂದಕ್ಕೂ 35 ಮೀಟರು. ಎರಡು ತಡೆಗಳ ನಡುವೆ ಇಂತಿಷ್ಟೇ ಹೆಜ್ಜೆ ಎಂದು ಎಣಿಸಿ ಓಡಬೇಕು. ಎಂಟನೆಯ ತಡೆಯ ಹೊತ್ತಿಗೆ ತೊಡೆಗಳು ಕಲ್ಲಾಗಿ ಹೆಜ್ಜೆ ಗಿಡ್ಡವಾದರೆ, ನೆಗೆಯಬೇಕಾದ ಕಾಲೇ ಬದಲಾಗಿ, ಅದುವರೆಗಿನ ಶ್ರಮವೆಲ್ಲ ಒಂದು ಮುಗ್ಗರಿಕೆಯಲ್ಲಿ ವ್ಯರ್ಥವಾಗುತ್ತದೆ. ಅದನ್ನು ಅಶ್ವಿನಿ 56.15 ಸೆಕೆಂಡುಗಳಲ್ಲಿ ಮುಗಿಸಿದರು.

ಎಂಟು ತಿಂಗಳು ಕಳೆಯುವಷ್ಟರಲ್ಲಿ ಎಲ್ಲವೂ ತಲೆಕೆಳಗಾಯಿತು. ಜಪಾನಿನ ಕೋಬೆಯಲ್ಲಿ 2011ರ ಜುಲೈಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನಡೆಯುವ ಹೊತ್ತಿಗೆ, ಅಶ್ವಿನಿಯವರೂ ಸೇರಿದಂತೆ ಭಾರತದ ಪ್ರಮುಖ ಓಟಗಾರ್ತಿಯರು ಒಬ್ಬೊಬ್ಬರಾಗಿ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಸುದ್ದಿ ಹೊರಬಿತ್ತು. ದೊರೆತದ್ದು ಮೆಥಾಂಡಿಯೆನೋನ್ ಎಂಬ, ಸ್ನಾಯುಗಳನ್ನು ಬೆಳೆಸುವ ಸ್ಟೆರಾಯ್ಡ್. ಚೀನಾದಿಂದ ತರಿಸಿದ ಜಿನ್‌ಸೆಂಗ್ ಬೇರಿನ ಗುಳಿಗೆಗಳನ್ನು ತರಬೇತುದಾರರು ಕೊಟ್ಟರು, ನಾವು ನಂಬಿ ನುಂಗಿದೆವು, ಅದರಲ್ಲಿ ಕಲಬೆರಕೆಯಾಗಿತ್ತು ಎಂಬುದು ಓಟಗಾರ್ತಿಯರ ವಾದ. ಉಕ್ರೇನಿನ ತರಬೇತುದಾರ ಯೂರಿ ಒಗೊರೊಡ್ನಿಕ್ ಅವರನ್ನು ಅಂದಿನ ಕ್ರೀಡಾಸಚಿವ ಅಜಯ್ ಮಾಕನ್ ಕೆಲಸದಿಂದ ತೆಗೆದರು. ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು.

ದೇಶದ ಶಿಸ್ತುಸಮಿತಿ, ಕಲಬೆರಕೆಯ ವಾದಕ್ಕೆ ಕಿವಿಗೊಟ್ಟು, ಡಿಸೆಂಬರಿನಲ್ಲಿ ಒಂದು ವರ್ಷದ ನಿಷೇಧ ವಿಧಿಸಿತು. ಅದು ಸಾಲದೆಂದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಕ್ರೀಡಾ ಪಂಚಾಯ್ತಿ ನ್ಯಾಯಾಲಯದ ಮೆಟ್ಟಿಲೇರಿತು. 2012ರ ಜುಲೈಯಲ್ಲಿ ನಿಷೇಧ ಎರಡು ವರ್ಷಕ್ಕೆ ಏರಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಆದರೆ 2010ರ ಪದಕಗಳನ್ನು ಯಾವ ಸಂಸ್ಥೆಯೂ ಹಿಂದಕ್ಕೆ ಪಡೆಯಲಿಲ್ಲ. ದೋಷ ಕಂಡದ್ದು 2011ರ ಮಾದರಿಯಲ್ಲಿ. ಶಿಕ್ಷೆ ಮುಗಿದ ಮೇಲೆ ಅಶ್ವಿನಿ ಮತ್ತೆ ಓಟಕ್ಕೆ ಮರಳಿದರು.

ಈಗ ಗೋಡೆಯ ಪ್ರಶ್ನೆಗೆ ಬರೋಣ. ಗುವಾಂಗ್‌ಝೌ ನಗರದ ಆ ಸಂಜೆ ನಡೆದುದು ನಡೆದೇ ಇದೆ; ಕನ್ನಡದ ಹೆಣ್ಣುಮಗಳೊಬ್ಬಳು ಏಷ್ಯಾಖಂಡದ ಎಲ್ಲರಿಗಿಂತ ಮುಂದೆ ಹತ್ತು ತಡೆಗಳನ್ನು ದಾಟಿದಳೆಂಬುದನ್ನು ಅಳಿಸುವ ಅಧಿಕಾರ ನಮಗೆಲ್ಲಿಯದು? ಹಾಗೆಂದು 2011ರ ವರದಿಯನ್ನು ಮರೆಮಾಚಿ, ಹಾರ ತುರಾಯಿಗಳಿಂದ ಆ ಹೆಸರನ್ನು ಮುಚ್ಚುವುದೂ ಸತ್ಯವಲ್ಲ.

ಸೀಸೆ ಹೇಳುವುದು ಮತ್ತು ಹೇಳದಿರುವುದು

ಮದ್ದಿನ ಪರೀಕ್ಷೆ ನಡೆಯುವ ಬಗೆಯನ್ನು ಓದುಗರು ಸ್ಥೂಲವಾಗಿಯಾದರೂ ತಿಳಿದಿರಬೇಕು. ಕ್ರೀಡಾಪಟುವಿನ ಮೂತ್ರವನ್ನು ಆತನ ಎದುರಿಗೇ ಎರಡು ಸೀಸೆಗಳಿಗೆ ಹಂಚಿ ಮೊಹರು ಮಾಡುತ್ತಾರೆ. ಮೊದಲಿನದರಲ್ಲಿ ನಿಷಿದ್ಧ ದ್ರವ್ಯ ಕಂಡರೆ, ಆಟಗಾರ ಬಯಸಿದಲ್ಲಿ ಎರಡನೆಯದನ್ನು ಒಡೆದು ನೋಡುತ್ತಾರೆ. ಎರಡೂ ಒಂದನ್ನೇ ನುಡಿದರೆ, ಅದು ಹೇಗೆ ಬಂತು, ಯಾರು ಕೊಟ್ಟರು, ಉದ್ದೇಶವೇನು ಎಂಬುದನ್ನು ಕೇಳುವ ಮೊದಲೇ ತಪ್ಪು ಸ್ಥಾಪಿತವಾದಂತೆ. ದೇಹದೊಳಗೆ ಸಿಕ್ಕಿದ್ದಕ್ಕೆ ದೇಹದ ಒಡೆಯನೇ ಹೊಣೆ ಎಂಬುದು ಲೋಕವೆಲ್ಲ ಒಪ್ಪಿರುವ ಸೂತ್ರ. ಉದ್ದೇಶದ ವಿಚಾರ ಶಿಕ್ಷೆಯ ಪ್ರಮಾಣವನ್ನು ನಿರ್ಣಯಿಸುವಾಗ ಮಾತ್ರ ಬರುತ್ತದೆ.

ಸೂತ್ರ ಕಠಿನವಾದರೂ ಅನಿವಾರ್ಯ. ಅದಿಲ್ಲದಿದ್ದರೆ ಸಿಕ್ಕಿಬಿದ್ದ ಪ್ರತಿಯೊಬ್ಬನೂ ಗೊತ್ತಿಲ್ಲದೆ ತಿಂದೆನೆಂದು ಹೇಳಿ ಪಾರಾಗುತ್ತಿದ್ದನು. ಆದರೆ ಸ್ಪರ್ಧೆಯ ನ್ಯಾಯಕ್ಕೆ ಬೇಕಾದ ಈ ಸೂತ್ರವನ್ನು ಮನುಷ್ಯನ ಶೀಲದ ತೀರ್ಪಿಗೂ ಅನ್ವಯಿಸುವುದು ಸರಿಯಲ್ಲ. ತಿಳಿದೂ ಸೂಜಿ ಚುಚ್ಚಿಸಿಕೊಂಡವನಿಗೂ, ಗುರು ಕೊಟ್ಟ ಗುಳಿಗೆಯನ್ನು ಪ್ರಸಾದವೆಂಬಂತೆ ನುಂಗಿದ ಹಳ್ಳಿಯ ಹುಡುಗಿಗೂ ಸೀಸೆ ಒಂದೇ ಮಾತು ಹೇಳುತ್ತದೆ. ಗೋಡೆಯೂ ಅದೇ ಒಂದು ಮಾತನ್ನು ಹೇಳಬೇಕೆಂಬ ನಿಯಮವಿಲ್ಲ.

ನಮ್ಮ ರಾಜ್ಯ ಕ್ರೀಡಾಪ್ರಶಸ್ತಿಗೆ ಹೆಸರಾದ ಏಕಲವ್ಯನ ಕಥೆಯೇ ಗುರುವಿನ ಮಾತನ್ನು ಮರುಪ್ರಶ್ನಿಸದೆ ನಡೆಸಿ ಹೆಬ್ಬೆರಳು ಕಳೆದುಕೊಂಡವನದು. ಶಿಬಿರದಲ್ಲಿ ವಾಸ, ಶಿಬಿರದಲ್ಲಿ ಊಟ, ತಂಡಕ್ಕೆ ಆಯ್ಕೆಯಾಗುವುದೂ ಬಿಡುವುದೂ ಶಿಬಿರದ ಮಾತಿನ ಮೇಲೆ; ಇಂಥಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ತನ್ನ ಅಂಗೈಯ ಮೇಲಿಟ್ಟ ಗುಳಿಗೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಎಂದು ಕೇಳಬಲ್ಲಳೆ? ಕೇಳಬೇಕಾಗಿತ್ತೆಂದು ನಿಯಮ ಹೇಳುತ್ತದೆ. ನಿಯಮದ ಮಾತು ಸರಿಯೇ. ಆದರೂ, ಓಟಗಾರ್ತಿಯರ ಪಾಲಿಗೆ ಬಂದದ್ದು ಎರಡು ವರ್ಷಗಳ ನಿಷೇಧ, ಜೀವಮಾನದ ಅಪಕೀರ್ತಿ. ತರಬೇತುದಾರನ ಪಾಲಿಗೆ ಬಂದದ್ದು ಕೆಲಸದಿಂದ ಬಿಡುಗಡೆ. ಈ ತೂಕ ಸಮವೆಂದು ನನಗೆ ಎಂದೂ ತೋರಿಲ್ಲ.

ಹೀಗೆಂದು ಪಿಡುಗು ಸಣ್ಣದೆಂದು ಯಾರೂ ತಿಳಿಯಬಾರದು. ವಿಶ್ವ ಉದ್ದೀಪನಮದ್ದು ನಿಗ್ರಹ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 3,865 ಮಾದರಿಗಳಲ್ಲಿ 125 ದೋಷಯುಕ್ತವಾಗಿದ್ದವು. ನೂರಕ್ಕೆ ಮೂರನ್ನು ಮೀರಿದ ಈ ಪ್ರಮಾಣ, 2,000ಕ್ಕಿಂತ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದ ದೇಶಗಳಲ್ಲೆಲ್ಲ ಅತ್ಯಧಿಕವಾದದ್ದು. ತಾಲ್ಲೂಕಿನ ಪೇಟೆಗಳಲ್ಲಿಯೂ ಮೈ ಬೆಳೆಸುವ ಪುಡಿಯ ಡಬ್ಬಿಗಳು ಸಾಲುಗಟ್ಟಿರುವ ಈ ಕಾಲದಲ್ಲಿ, ಹಾಲು, ಬಾದಾಮಿ, ಜೋಳದ ರೊಟ್ಟಿಯ ಮೇಲೆ ಬೆಳೆದ ಗರಡಿಯ ಹುಡುಗನ ಮುಂದೆಯೂ ಆ ಪ್ರಲೋಭನೆ ಇದ್ದೇ ಇದೆ.

ವಂಚಿತೆಯೂ ದೋಷಿಯೂ ಒಬ್ಬಳೇ ಆದಾಗ

ಕೊಡಗಿನ ಮೂಲದ, ಮಂಗಳೂರಿನಲ್ಲಿ ಓಡಲು ಕಲಿತ ಎಂ.ಆರ್. ಪೂವಮ್ಮ ಅವರ ಬದುಕು ಈ ಸಮಸ್ಯೆಯ ಎರಡು ದಡಗಳನ್ನೂ ಮುಟ್ಟಿ ಹರಿದದ್ದು. ಇಂಚಿಯಾನ್ ನಗರದಲ್ಲಿ 2014ರ ಏಷ್ಯನ್ ಕೂಟದ ರಿಲೇ ಚಿನ್ನವನ್ನು 3 ನಿಮಿಷ 28.68 ಸೆಕೆಂಡುಗಳಲ್ಲಿ ಗೆದ್ದ ತಂಡದಲ್ಲಿ ಅವರಿದ್ದರು. ಅವರ ಜೊತೆಗಿದ್ದ ಮೂವರಲ್ಲಿ ಪ್ರಿಯಾಂಕಾ ಪನ್ವರ್, ಮನದೀಪ್ ಕೌರ್ ಇಬ್ಬರೂ 2011ರ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿ ಮರಳಿದವರು. ಮರುವರ್ಷ ಪೂವಮ್ಮನವರಿಗೆ ಅರ್ಜುನ ಪ್ರಶಸ್ತಿ ಬಂತು.

ಜಕಾರ್ತಾದ 2018ರ ಕೂಟದಲ್ಲಿ ಗಂಡಸರೂ ಹೆಂಗಸರೂ ಕೂಡಿ ಓಡುವ ಮಿಶ್ರ ರಿಲೇಯಲ್ಲಿ ಪೂವಮ್ಮ, ಹಿಮಾ ದಾಸ್, ಮುಹಮ್ಮದ್ ಅನಸ್, ಆರೋಕ್ಯ ರಾಜೀವ್ ಅವರ ತಂಡ ಬಹರೇನಿಗೆ ಸೋತು ಬೆಳ್ಳಿ ಪಡೆಯಿತು. ಬಹರೇನಿನ ಕೆಮಿ ಅಡೆಕೋಯ ಮದ್ದು ಸೇವಿಸಿದ್ದು ಸಿದ್ಧವಾಗಿ, 2019ರಲ್ಲಿ ನಾಲ್ಕು ವರ್ಷಗಳ ನಿಷೇಧವಾದ ಮೇಲೆ ಆ ಬೆಳ್ಳಿ ಚಿನ್ನವಾಯಿತು. ಅದೇ ಅಡೆಕೋಯ ಗೆದ್ದಿದ್ದ ಹರ್ಡಲ್ಸ್ ಸ್ಪರ್ಧೆಯಲ್ಲಿ ನಾಲ್ಕನೆಯವರಾಗಿ ಬರಿಗೈಯಲ್ಲಿ ಮರಳಿದ್ದ ಕೇರಳದ ಅನು ರಾಘವನ್ ಅವರಿಗೆ ಕಂಚು ದೊರೆಯಿತು. ಪದಕವೇನೋ ಬಂತು, ಆ ಸಂಜೆ ವೇದಿಕೆಯ ಮೇಲೆ ನಿಲ್ಲುವುದು, ಸಾವಿರಾರು ಜನರೆದುರು ಧ್ವಜ ಏರುವುದನ್ನು ನೋಡುವುದು, ಇವು ಮತ್ತೆ ಬಾರವು. ಮದ್ದಿನ ಪ್ರಕರಣದಲ್ಲಿ ವಂಚಿತರಾಗುವವರು ಇಂಥವರು. ಕೀರ್ತಿಮಂದಿರದ ಚರ್ಚೆಯಲ್ಲಿ ಇವರ ಹೆಸರನ್ನು ಯಾರೂ ಎತ್ತದಿರುವುದು ನನಗೆ ಬಹು ದಿನಗಳಿಂದ ನೋವಿನ ಸಂಗತಿ.

2021ರ ಫೆಬ್ರುವರಿಯಲ್ಲಿ ಪಟಿಯಾಲದಲ್ಲಿ ಪಡೆದ ಪೂವಮ್ಮನವರ ಮೂತ್ರದ ಮಾದರಿ ದೋಷಯುಕ್ತವೆಂದು ಕಂಡುಬಂತು. ದೊರೆತದ್ದು ಮೀಥೈಲ್‌ಹೆಕ್ಸೇನಮೈನ್ ಎಂಬ ಉತ್ತೇಜಕ. ಶಿಸ್ತುಸಮಿತಿ ಮೂರು ತಿಂಗಳ ನಿಷೇಧ ಸಾಕೆಂದಿತು. ಮೇಲ್ಮನವಿ ಸಮಿತಿ 2022ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಒಂದೇ ಪುರಾವೆಯನ್ನು ನೋಡಿದ ಎರಡು ಸಮಿತಿಗಳ ನಡುವೆ ಇಷ್ಟು ಅಂತರ ಬರಬಲ್ಲದೆಂಬುದು, ತಪ್ಪಿನ ತೂಕವನ್ನು ಅಳೆಯುವುದು ಎಷ್ಟು ದುಸ್ತರವೆಂಬುದಕ್ಕೆ ಸಾಕ್ಷಿ. ಶಿಕ್ಷೆ ತೀರಿಸಿ ಬಂದ ಅವರು, ಮೂವತ್ತು ದಾಟಿದ ವಯಸ್ಸಿನಲ್ಲಿ, 2024ರ ಪ್ಯಾರಿಸ್ ಒಲಿಂಪಿಕ್ಸಿನ ರಿಲೇ ತಂಡದಲ್ಲಿ ಓಡಿದರು. ದೇಶವೇ ಮತ್ತೆ ತನ್ನ ಅಂಗಿ ತೊಡಿಸಿ ಓಡಲು ಕಳುಹಿಸಿದವರ ಚಿತ್ರವನ್ನು ಗೋಡೆಗೆ ಹಾಕಬಾರದೆನ್ನುವುದು ಯಾವ ನ್ಯಾಯ?

ಆದರೆ ಪ್ರಶಸ್ತಿಯ ನಿಯಮ ಹೀಗೆ ಯೋಚಿಸಿದ್ದಿಲ್ಲ. ಜಕಾರ್ತಾದಲ್ಲಿ ಚಿನ್ನ ಗೆದ್ದ ಬಾಕ್ಸರ್ ಅಮಿತ್ ಪಂಘಲ್ ಅವರ ಹೆಸರನ್ನು ಅರ್ಜುನಕ್ಕೆ ಶಿಫಾರಸು ಮಾಡಿದಾಗ, 2012ರಲ್ಲಿ, ಇನ್ನೂ ಹದಿಹರೆಯದಲ್ಲಿ, ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ಒಂದು ವರ್ಷದ ಶಿಕ್ಷೆ ತೀರಿಸಿದ್ದೇ ಅಡ್ಡಬಂತು. ಸೀತಾಳೆ ಸಿಡುಬಿನ ಚಿಕಿತ್ಸೆಗೆಂದು ಪಡೆದ ಔಷಧದಿಂದ ಹಾಗಾಯಿತೆಂಬುದು ಅವರ ಹೇಳಿಕೆ. ನ್ಯಾಯಸ್ಥಾನ ಮುಗಿಸಿದ ಶಿಕ್ಷೆಯನ್ನು ಸನ್ಮಾನಸಮಿತಿ ಹೀಗೆ ಮುಂದುವರಿಸಿತು.

ಆಟವನ್ನೇ ಮಾರಿದವರು

ಮದ್ದಿಗಿಂತ ಬೇರೆ ಜಾತಿಯ ಇನ್ನೊಂದು ದೋಷವುಂಟು. ಮದ್ದು ತಿಂದವನು ಹೇಗಾದರೂ ಗೆಲ್ಲಬೇಕೆಂದು ಹಂಬಲಿಸಿದವನು. ಹಣ ಪಡೆದು ಆಡಿದವನು ಗೆಲುವಿನ ಹಂಬಲವನ್ನೇ ಮಾರಿದವನು. ಜಾತ್ರೆಯ ಕಣದಲ್ಲಿ ಕೋಪದ ಭರದಲ್ಲಿ ನಿಯಮ ಮೀರಿದ ಪೈಲವಾನನನ್ನು ಪಂಚರು ಗದರಿಸಿ ಹೊರಹಾಕಿದರೂ ಮುಂದಿನ ಜಾತ್ರೆಗೆ ಕರೆಯುತ್ತಾರೆ. ಇಬ್ಬರೂ ಒಳಗೊಳಗೇ ಮಾತಾಡಿಕೊಂಡು ಆಡಿದ ನೂರಾ ಕುಸ್ತಿಯ ವಾಸನೆ ಬಡಿದರೆ ಮಾತ್ರ, ದುಡಿದ ದುಡ್ಡು ಕೊಟ್ಟು ದೂರದ ಹಳ್ಳಿಗಳಿಂದ ಬಂದ ಜನ ಆ ಹೆಸರನ್ನು ಮತ್ತೆ ಎತ್ತುವುದಿಲ್ಲ.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2000ದ ಮಾರ್ಚ್ ತಿಂಗಳು ನಡೆದ ದಕ್ಷಿಣ ಆಫ್ರಿಕದ ಟೆಸ್ಟ್ ಪಂದ್ಯವನ್ನು ನೆನೆದರೆ ಈಗಲೂ ಮನಸ್ಸು ಕಹಿಯಾಗುತ್ತದೆ. ಆ ಪಂದ್ಯಕ್ಕೆ ಮುನ್ನ ನಾಯಕ ಹ್ಯಾನ್ಸಿ ಕ್ರೋನ್ಯೆ ತನ್ನ ಸಂಗಡಿಗರಾದ ಕ್ಯಾಲಿಸ್, ಬೌಚರ್, ಕ್ಲೂಸ್ನರ್ ಅವರ ಬಳಿ ಹೋಗಿ ಹಣಕ್ಕೆ ಆಡುವ ಮಾತೆತ್ತಿದ್ದು ತರುವಾಯ ವಿಚಾರಣೆ ನಡೆಸಿದ ಕಿಂಗ್ ಆಯೋಗದ ಮುಂದೆ ಹೊರಬಂತು. ಅದೇ ಪಂದ್ಯದಲ್ಲಿ ಮೊಹಮ್ಮದ್ ಅಜರುದ್ದೀನ್ 102 ರನ್ ಹೊಡೆದರು. ಅದು ಅವರ 99ನೆಯ ಟೆಸ್ಟ್, ಕೊನೆಯದೂ ಹೌದು. ಆ ವರ್ಷದ ಡಿಸೆಂಬರಿನಲ್ಲಿ, ಪಂದ್ಯ ಮಾರಿದ ಆರೋಪದ ಮೇಲೆ, ಭಾರತದ ಕ್ರಿಕೆಟ್ ಮಂಡಳಿ ಅವರಿಗೆ ಆಜೀವ ನಿಷೇಧ ವಿಧಿಸಿತು. 2012ರ ನವೆಂಬರಿನಲ್ಲಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯ ಆ ನಿಷೇಧವನ್ನು ಕಾನೂನುಬಾಹಿರವೆಂದು ತಳ್ಳಿಹಾಕಿತು. ಹೈದರಾಬಾದಿನ ಕ್ರೀಡಾಂಗಣದ ಒಂದು ಮಗ್ಗುಲಿಗೆ ಅವರ ಹೆಸರಾಯಿತು. ಅಂತರರಾಷ್ಟ್ರೀಯ ಮಂಡಳಿಯ ಕೀರ್ತಿಮಂದಿರಕ್ಕೆ ಮಾತ್ರ ಆ ಹೆಸರು ಇನ್ನೂ ಹೋಗಿಲ್ಲ.

ನಮ್ಮ ಜಿಲ್ಲೆಯ ಹೆಸರು ಹೊತ್ತ ತಂಡಕ್ಕೂ ಈ ಕೊಳೆ ತಟ್ಟಿತು. ಕರ್ನಾಟಕ ಪ್ರೀಮಿಯರ್ ಲೀಗಿನ ಬೆಳಗಾವಿ ಪ್ಯಾಂಥರ್ಸ್ ತಂಡದ ಮಾಲೀಕನನ್ನು 2019ರಲ್ಲಿ ಬೆಂಗಳೂರಿನ ಅಪರಾಧ ವಿಭಾಗದ ಪೊಲೀಸರು ಬಂಧಿಸಿದರು; ಮುಂದೆ ಬೇರೆ ತಂಡದ ಆಟಗಾರರ ಬಂಧನವೂ ಆಯಿತು. 2022ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ, ಪಂದ್ಯ ಮಾರುವುದು ಆಟಗಾರನ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ಸೂಚಿಸಬಹುದಾದರೂ ದಂಡಸಂಹಿತೆಯ ವಂಚನೆಯ ಅಪರಾಧವಾಗುವುದಿಲ್ಲ, ಕ್ರಮ ಕೈಗೊಳ್ಳಬೇಕಾದುದು ಕ್ರಿಕೆಟ್ ಮಂಡಳಿ, ಎಂದು ಮೊಕದ್ದಮೆಯನ್ನು ರದ್ದುಗೊಳಿಸಿತು. ಆರೋಪ ಸಾಬೀತಾಗದವರ ಹೆಸರನ್ನು ಇಲ್ಲಿ ಬರೆಯಲು ನನ್ನ ಲೇಖನಿ ಒಪ್ಪದು. ಆದರೆ ತೀರ್ಪಿನಿಂದ ಒಂದು ವಿಷಯ ಸ್ಪಷ್ಟ: ಟಿಕೆಟ್ಟಿಗೆ ಹಣ ತೆತ್ತು ಕುಳಿತ ಪ್ರೇಕ್ಷಕನಿಗೆ ಆದ ಅನ್ಯಾಯವನ್ನು ಅಳೆಯಲು ಆ ದಂಡಸಂಹಿತೆಯಲ್ಲಿ ಅಳತೆಗೋಲಿರಲಿಲ್ಲ. ಕಾನೂನಿಗೆ ಅಳತೆಯಿಲ್ಲದ ಕಡೆ ಗೋಡೆಯ ನಿರಾಕರಣೆಯೇ ಸಮಾಜಕ್ಕೆ ಉಳಿದಿರುವ ದಂಡನೆ.

ಅಮೆರಿಕದ ಬೇಸ್‌ಬಾಲಿನಲ್ಲಿ ಪೀಟ್ ರೋಸ್ ಎಂಬಾತನ ದಾಖಲೆ 4,256 ಯಶಸ್ವಿ ಹೊಡೆತಗಳದು. ಅದನ್ನು ಇಂದಿಗೂ ಯಾರೂ ಮೀರಿಲ್ಲ. ತನ್ನ ತಂಡದ ಪಂದ್ಯಗಳ ಮೇಲೆಯೇ ಬಾಜಿ ಕಟ್ಟಿದ್ದಕ್ಕಾಗಿ 1989ರಲ್ಲಿ ಆಟದಿಂದ ಬಹಿಷ್ಕೃತನಾದ ಆತನಿಗೆ ಕೂಪರ್ಸ್‌ಟೌನಿನ ಬಾಗಿಲು ಮುಚ್ಚಿತು. ಆತ 2024ರಲ್ಲಿ ತೀರಿಕೊಂಡ ಮೇಲೆ, ಸತ್ತವರನ್ನು ಬಹಿಷ್ಕಾರದ ಪಟ್ಟಿಯಿಂದ ತೆಗೆಯಬಹುದೆಂದು 2025ರಲ್ಲಿ ನಿರ್ಣಯವಾಯಿತು. ಮದ್ದಿನ ಶಂಕೆ ಹೊತ್ತ ಬ್ಯಾರಿ ಬಾಂಡ್ಸ್‌ಗೆ 762 ಹೋಮ್ ರನ್‌ಗಳ ದಾಖಲೆಯಿದ್ದರೂ ಹತ್ತು ವರ್ಷಗಳ ಮತದಾನದಲ್ಲಿ ಬೇಕಾದಷ್ಟು ಮತ ಬೀಳಲಿಲ್ಲ. ಮನುಷ್ಯ ಸಾಯುವವರೆಗೆ ಕಾದು ಕ್ಷಮಿಸುವ ಪದ್ಧತಿ ನನಗೆ ಹಿಡಿಸದು. ಕ್ಷಮೆ ಯೋಗ್ಯವಾದರೆ ಅದನ್ನು ಕೇಳಿಸಿಕೊಳ್ಳುವ ಕಿವಿ ಇರುವಾಗಲೇ ಹೇಳಬೇಕು.

ರನ್ನನ ಗದಾಯುದ್ಧ

ಕೃಷ್ಣೆಯಾಚೆಯ ಮುಧೋಳದಲ್ಲಿ ಹುಟ್ಟಿದ ರನ್ನಕವಿ, ಹತ್ತನೆಯ ಶತಮಾನದಲ್ಲಿ, ಗದಾಯುದ್ಧವೆಂದು ನಾವು ಕರೆಯುವ ಸಾಹಸಭೀಮವಿಜಯವನ್ನು ರಚಿಸಿದನು. ಆ ಕಾವ್ಯದ ಹೃದಯದಲ್ಲಿರುವುದು ಒಂದು ನಿಯಮಭಂಗ. ಗದೆಯ ದ್ವಂದ್ವದಲ್ಲಿ ನಾಭಿಯ ಕೆಳಗೆ ಹೊಡೆಯಕೂಡದು; ಭೀಮನು ಹೊಡೆದದ್ದು ತೊಡೆಗೆ. ಇಬ್ಬರಿಗೂ ಗುರುವಾದ ಬಲರಾಮನು ಅದನ್ನು ಕಂಡು ಕೆರಳಿದ ಪ್ರಸಂಗವನ್ನು ಭಾರತದ ಕಥೆ ಬಲ್ಲವರೆಲ್ಲ ಬಲ್ಲರು.

ಭೀಮನು ಕಾವ್ಯದ ನಾಯಕನಾಗಿಯೇ ಉಳಿದನು. ದ್ರೌಪದಿಯ ಅವಮಾನವೂ, ಅಂದು ಆತನು ಮಾಡಿದ ಪ್ರತಿಜ್ಞೆಯೂ ಆ ಹೊಡೆತದ ಹಿಂದಿದ್ದುವು. ಆದರೆ ಆ ಕಾರಣದಿಂದ ಹೊಡೆತ ತೊಡೆಗೆ ಬಿತ್ತೆಂಬ ಸಂಗತಿಯನ್ನು ಯಾವ ಕವಿಯೂ ಬಚ್ಚಿಡಲಿಲ್ಲ. ಸೋತ ದುರ್ಯೋಧನನಿಗೂ ರನ್ನನು ಕೊಟ್ಟ ಗಾಂಭೀರ್ಯವೆಷ್ಟೆಂದರೆ, ಓದುಗನ ಕಣ್ಣೀರು ಬಹಳ ಸಲ ಆ ಪಕ್ಷಕ್ಕೇ ಸಲ್ಲುತ್ತದೆ. ಒಬ್ಬನ ಗುಣದೋಷಗಳನ್ನು ಒಂದೇ ಪುಟದಲ್ಲಿ ಬರೆದೂ ಆತನನ್ನು ನೆನೆಯುವ ಶಕ್ತಿ ಸಾವಿರ ವರ್ಷಗಳಷ್ಟು ಹಿಂದೆಯೇ ನಮ್ಮ ನುಡಿಗೆ ಇದ್ದಿತೆಂದ ಮೇಲೆ, ಇಂದಿನ ಸನ್ಮಾನಫಲಕಗಳು ಮಾತ್ರ ಪೂರ್ಣಸ್ತುತಿಗೋ ಪೂರ್ಣಮೌನಕ್ಕೋ ಕಟ್ಟುಬಿದ್ದಿರುವುದೇಕೆ?

ಫಲಕದ ಮೇಲಿನ ಬರಹ

ಆದ್ದರಿಂದ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಆಟವನ್ನು ಹಣಕ್ಕೆ ಮಾರಿದ್ದು ನಿಸ್ಸಂದೇಹವಾಗಿ ಸಿದ್ಧವಾದವರ ಅಂಕಿಗಳು ದಾಖಲೆಯ ಪುಸ್ತಕದಲ್ಲಿರಲಿ, ಅವರ ಚಿತ್ರ ಗೋಡೆಗೆ ಬೇಡ. ಮದ್ದಿನ ದೋಷ ಹೊತ್ತವರಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದವರಿಗೂ ಬೇಡ. ಆದರೆ ಒಮ್ಮೆ ತಪ್ಪಿ, ಶಿಕ್ಷೆಯನ್ನು ಪೂರ್ತಿಯಾಗಿ ತೀರಿಸಿ, ಮರಳಿ ಬಂದು ಪರೀಕ್ಷೆಗೆ ಮೈಯೊಡ್ಡಿ ಸ್ಪರ್ಧಿಸಿದವರಿಗೆ, ದೋಷ ತಟ್ಟದ ಅವರ ಸಾಧನೆಗಾಗಿ, ಗೌರವ ಸಲ್ಲತಕ್ಕದ್ದು. ಆ ಗೌರವದ ಫಲಕದ ಮೇಲೆಯೇ ದೋಷವೂ ಅಷ್ಟೇ ದಪ್ಪ ಅಕ್ಷರಗಳಲ್ಲಿ ಇರತಕ್ಕದ್ದು. ಇದು ಎಳೆಯರನ್ನು ದಾರಿ ತಪ್ಪಿಸುವುದೆಂಬ ಆಕ್ಷೇಪವುಂಟು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಚಿತ್ರವನ್ನು ಇಳಿಸಿದ ಖಾಲಿ ಗೋಡೆಯಿಂದ ಹುಡುಗನೊಬ್ಬ ಕಲಿಯುವುದೇನು? ಗುವಾಂಗ್‌ಝೌ, 56.15, ಚಿನ್ನ ಎಂದು ಬರೆದ ಸಾಲಿನ ಕೆಳಗೆ, ಮರುವರ್ಷ ಶಿಬಿರದಲ್ಲಿ ಕೊಟ್ಟದ್ದೆಂದು ಹೇಳಲಾದ ಗುಳಿಗೆ, ಎರಡು ವರ್ಷದ ನಿಷೇಧ, ತಪ್ಪಿಹೋದ ಒಲಿಂಪಿಕ್ಸ್ ಎಂಬುದನ್ನು ಓದಿದ ಹುಡುಗಿ, ತನ್ನ ಅಂಗೈಗೆ ಯಾರಾದರೂ ಗುಳಿಗೆ ಇಟ್ಟಾಗ ಒಂದು ಕ್ಷಣವಾದರೂ ತಡೆದು ಕೇಳಿಯಾಳು.

ಇನ್ನೆರಡು ಹೆಸರುಗಳಿಗೂ ಆ ಫಲಕದಲ್ಲಿ ಜಾಗ ಬಿಡಬೇಕು. ವಂಚನೆಯಿಂದ ಪದಕ ತಪ್ಪಿ, ತಡವಾಗಿ ಅದನ್ನು ಪಡೆದವರ ಹೆಸರು ಒಂದು; ಅನು ರಾಘವನ್ ಅಂಥವರಿಗೆ ಸಾವಿರ ಜನರ ಮುಂದೆ ಮರಳಿ ವೇದಿಕೆ ಕಟ್ಟಿ ಪದಕ ತೊಡಿಸುವುದು ಸರಕಾರಕ್ಕೆ ಭಾರವಾದ ವೆಚ್ಚವೇನಲ್ಲ. ಇನ್ನೊಂದು, ಆ ಕಾಲದಲ್ಲಿ ತರಬೇತಿಯ ಹೊಣೆ ಹೊತ್ತಿದ್ದವರದು. ಶಿಷ್ಯೆಯ ಚಿನ್ನಕ್ಕೆ ದ್ರೋಣಾಚಾರ್ಯ ಪ್ರಶಸ್ತಿಯ ರೂಪದಲ್ಲಿ ಗುರುವಿಗೆ ಪಾಲು ಕೊಡುವ ನಾವು, ಆಕೆಯ ಕಳಂಕದಲ್ಲಿಯೂ, ವಿಚಾರಣೆಯಲ್ಲಿ ಸಿದ್ಧವಾದಷ್ಟರ ಮಟ್ಟಿಗೆ, ಆತನಿಗೆ ಪಾಲು ಕೊಡಬೇಕು. ರಾಜ್ಯದ ಕ್ರೀಡಾ ಇಲಾಖೆ ಏಕಲವ್ಯ ಮತ್ತು ಕ್ರೀಡಾರತ್ನಗಳ ನಿಯಮಾವಳಿಯಲ್ಲಿ, ನಿಷೇಧ ತೀರಿದ ಎಷ್ಟು ವರ್ಷಗಳ ಮೇಲೆ, ಯಾವ ಸಾಧನೆಗೆ, ಯಾವ ಬರಹದೊಡನೆ ಗೌರವ ಸಲ್ಲುವುದೆಂಬುದನ್ನು ವಿಶದವಾಗಿ ಬರೆದು, ತಾಲ್ಲೂಕು ಕಚೇರಿಗಳಿಗೂ, ಶಾಲೆಗಳಿಗೂ, ಅಥಣಿ ಚಿಕ್ಕೋಡಿಗಳ ಗರಡಿಗಳಿಗೂ ಕನ್ನಡದಲ್ಲಿ ಕಳುಹಿಸಿಕೊಡಲಿ. ಜೊತೆಗೆ, ಪ್ರತಿವರ್ಷ ಪರಿಷ್ಕೃತವಾಗುವ ನಿಷಿದ್ಧ ದ್ರವ್ಯಗಳ ಪಟ್ಟಿಯನ್ನೂ, ಹುಡುಗರಿಗೆ ಅರ್ಥವಾಗುವ ಹೆಸರುಗಳಲ್ಲಿ.